ಗುಡೂರು ದಾಟಿದ ಮೇಲೆ ಹೇಳಿದ ಸುಳ್ಳು

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಬಿಳಿ ಸೀರೆ ಉಟ್ಟ ಹೆಂಗಸಿಲ್ಲ, ಹಿಂದುಮುಂದಾದ ಪಾದಗಳಿಲ್ಲ, ಹುಣಸೆ ಮರದಿಂದ ಜೋತುಬಿದ್ದ ಕೂದಲಿಲ್ಲ. ಅಂಥದ್ದೇ ಬೇಕಿದ್ದವರು ಇಲ್ಲಿಗೇ ಓದು ನಿಲ್ಲಿಸಬಹುದು, ನನಗೇನೂ ಬೇಜಾರಿಲ್ಲ.

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅವರ ದೆವ್ವಗಳನ್ನು ಯಾವಾಗಲೂ ಅವರ ಸೋದರಮಾವನ ಗೆಳೆಯನೋ, ಗೆಳೆಯನ ಡ್ರೈವರೋ ನೋಡಿರುತ್ತಾನೆ. ಹೇಳುವವನು ಮಾತ್ರ ಮನೆಯಲ್ಲಿ ಹೊದ್ದು ಮಲಗಿರುತ್ತಾನೆ. ನಾನು ಹೇಳುವುದು ನನಗೇ ಆದದ್ದು, ನನ್ನ ಬಾಯಿಂದಲೇ ಆದದ್ದು. ಅದು ಇನ್ನೂ ಮುಗಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗುಳೇದಗುಡ್ಡದವನು. ಪಾವರ್‌ಲೂಮ್‌ಗಳ ಜಕಾರ್ಡ್ ರಿಪೇರಿ ನನ್ನ ಕೆಲಸ. ಮಗ್ಗದ ನೆತ್ತಿಯ ಮೇಲೆ ಕೂತು ಯಾವ ಎಳೆ ಏಳಬೇಕು, ಯಾವುದು ಇಳಿಯಬೇಕು ಎಂದು ಹೇಳುವ ಯಂತ್ರ ಅದು. ಅದು ಕೆಟ್ಟರೆ ಸೀರೆಯ ದಡಿ ಕೆಡುತ್ತದೆ, ದಡಿ ಕೆಟ್ಟರೆ ಮಗ್ಗದ ಮಾಲೀಕನ ಬಾಯಿ ಕೆಡುತ್ತದೆ. ಇಳಕಲ್ಲು, ಹುನಗುಂದ, ಕಮತಗಿ, ಬಾಗಲಕೋಟೆ, ಎಲ್ಲಿಂದ ಫೋನ್ ಬಂದರೂ ಸಲಕರಣೆಯ ಚೀಲ ಹೆಗಲಿಗೆ ಹಾಕಿಕೊಂಡು ಗಾಡಿ ಹತ್ತುತ್ತೇನೆ. ಗಾಡಿ ಎಂದರೆ ಮುನ್ನೂರೈವತ್ತು ಸಿಸಿಯ ಕರಿ ಬೈಕು. ನನ್ನ ಹೆಂಡತಿ ಗಂಗಾಳಿಗಿಂತ ಮೊದಲು ಅದು ನನ್ನ ಮನೆಗೆ ಬಂದಿತ್ತು.

ಮದುವೆಯಾಗಿ ನಾಲ್ಕು ವರ್ಷಕ್ಕೆ ಮಗಳು ಹುಟ್ಟಿದಳು. ಹೆಸರು ಬನಶ್ರೀ. ತೊಟ್ಟಿಲಿಗೆ ಹಾಕಿದ ದಿನವೇ ಶುರುವಾಯಿತು ನೋಡಿ ಉಪದೇಶ. ಬಾಯಿ ತುಂಬ ಹೋಳಿಗೆ ಇಟ್ಟುಕೊಂಡೇ ಒಬ್ಬೊಬ್ಬರೂ ಬಂದು, ಇನ್ನು ಮೇಲೆ ನೀನು ಅಪ್ಪ, ಗಾಡಿ ಮಾರಿಬಿಡು ಎಂದರು. ಅವರಲ್ಲಿ ಅರ್ಧ ಜನಕ್ಕೆ ಸೈಕಲ್ಲಿನ ಸಮತೋಲ ಕೂಡ ಬರುವುದಿಲ್ಲ.

ಎಲ್ಲರಿಗಿಂತ ಜೋರು ಹುನಗುಂದದ ನನ್ನ ಷಡ್ಡಕ, ಅಂದರೆ ಗಂಗಾಳ ಅಕ್ಕನ ಗಂಡ. ಮಗ ಹುಟ್ಟಿದ ತಿಂಗಳಿಗೇ ಆತ ಬೈಕು ಮಾರಿ ಕಾರು ತಂದವನು. ಆ ಕಾರನ್ನು ಸೆಕೆಂಡ್ ಗೇರಿನಲ್ಲಿಯೇ ಬಾದಾಮಿಯ ತನಕ ಓಡಿಸಿಕೊಂಡು ಹೋಗಿ, ಇಳಿದು, ಬೆವರು ಒರೆಸಿಕೊಂಡು, ಮಕ್ಕಳಿಗಾಗಿ ಎಲ್ಲಾ ಬಿಡಬೇಕು ಎನ್ನುತ್ತಾನೆ. ಮಗನ ಮೇಲಿನ ಪ್ರೀತಿಗೆ ಬಿಟ್ಟನಂತೆ. ಅವನಿಗೆ ಮೊದಲಿನಿಂದಲೂ ಲಾರಿ ಎದುರಿಗೆ ಬಂದರೆ ಕೈಕಾಲು ನಡುಗುತ್ತಿದ್ದವು ಎಂಬುದು ನನಗೆ ಗೊತ್ತಿಲ್ಲವೇ? ಪಾಪ, ಕೂಸು ಹುಟ್ಟಿ ಅವನಿಗೊಂದು ನೆಪ ಕೊಟ್ಟಿತು, ಅಷ್ಟೆ.

ಇನ್ನು ಭಾನುವಾರದ ಬೈಕ್ ಶೂರರು. ಮೊಣಕಾಲಿಗೆ, ಮೊಣಕೈಗೆ, ಎದೆಗೆ ಕವಚ ಕಟ್ಟಿಕೊಂಡು ಬಾದಾಮಿಯ ಹೊಂಡದ ದಂಡೆಯಲ್ಲಿ ಸೂರ್ಯ ಹುಟ್ಟುವಾಗ ಫೋಟೋ ತೆಗೆಸಿಕೊಂಡು, ಮಗಳಿಗಾಗಿ ನಿಧಾನ ಓಡಿಸುತ್ತೇನೆ ಎಂದು ಸ್ಟೇಟಸ್ ಹಾಕುವವರು. ನಿಧಾನ ಓಡಿಸದೆ ಏನು ಮಾಡುತ್ತಾರೆ? ಅವರಿಗೆ ಜೋರಾಗಿ ಓಡಿಸಲು ಬಂದರೆ ತಾನೆ!

ಗಂಗಾ ಮಾತ್ರ ಉಪದೇಶ ಮಾಡಲಿಲ್ಲ. ಒಮ್ಮೆ, ಒಂದೇ ಒಂದು ಸಲ, ಕೂಸಿಗೆ ಹಾಲು ಕುಡಿಸುತ್ತ ಕೂತಾಗ ಕೇಳಿದಳು.

"ರಾತ್ರಿ ಹೊತ್ತು ಬ್ಯಾಡ್ರಿ. ಹಗಲೊತ್ತು ಏನರ ಮಾಡ್ಕೊರ್ರಿ, ನಾ ಏನೂ ಅನ್ನಂಗಿಲ್ಲ."

ಆಗಲಿ ಎಂದೆ. ಒಂದು ವಾರ ನಡೆಸಿಕೊಟ್ಟೆ. ಆಮೇಲೆ ಇಳಕಲ್ಲಿನಿಂದ ಫೋನ್ ಬಂತು, ಹೊರಟೆ.

ಈಗ ನನ್ನ ಸಣ್ಣತನವನ್ನೂ ಹೇಳಿಬಿಡುತ್ತೇನೆ, ಬೇರೆಯವರದನ್ನೇ ಎಷ್ಟಂತ ಹೇಳಲಿ. ಮಗಳು ಹುಟ್ಟಿದ ಮೇಲೆ ನನಗೆ ಗಾಡಿ ಮೊದಲಿಗಿಂತ ಹೆಚ್ಚು ಬೇಕಾಯಿತು. ಮನೆಯಲ್ಲಿ ಅಳು, ಔಷಧಿ, ಒಗೆದು ಹರವಿದ ಬಟ್ಟೆ. ಗಾಡಿ ಹತ್ತಿ ಊರ ಹೊರಗಿನ ಕೆಂಪು ಗುಡ್ಡ ದಾಟಿದರೆ ನಾನು ಯಾರ ಅಪ್ಪನೂ ಅಲ್ಲ. ಗಾಳಿ, ರಸ್ತೆ, ನಾನು. ಅವಳ ನೆನಪೇ ಬರುತ್ತಿರಲಿಲ್ಲ. ಆ ಮರೆವು ನನಗೆ ಭಾಳ ಹಿತವಾಗಿತ್ತು.

ಸುಳ್ಳು ಶುರುವಾದದ್ದು ಅಮೀನಗಡದ ಒಂದು ಚಹಾದ ಅಂಗಡಿಯಲ್ಲಿ. ನಮ್ಮ ಕಡೆ ಅಪರಿಚಿತರು ಮೊದಲು ಊರು ಕೇಳುತ್ತಾರೆ, ಆಮೇಲೆ ಕೆಲಸ, ಆಮೇಲೆ ಮಕ್ಕಳೆಷ್ಟು. ಒಂದು ಎಂದರೆ ಮುಗಿಯಿತು, ಅವರ ಕಣ್ಣು ಗಾಡಿಯ ಮೇಲೆ ಹೋಗುತ್ತದೆ, ಉಪದೇಶ ಬರುತ್ತದೆ. ಆವತ್ತು ಬೇಸತ್ತು ಮಕ್ಕಳಿಲ್ಲ ಎಂದುಬಿಟ್ಟೆ. ಎಂಥ ಅನುಕೂಲ! ಮುದುಕ ಗಾಡಿಯ ಸುದ್ದಿಯನ್ನೇ ಬಿಟ್ಟು, ಹೆಂಡತಿಯನ್ನು ಕರೆದುಕೊಂಡು ಹೋಗಿ ಮಹಾಕೂಟದ ಹೊಂಡದಲ್ಲಿ ಸ್ನಾನ ಮಾಡಿಸು ಎಂದು ಹೇಳಿ ತನ್ನ ಬೀಡಿ ಹಚ್ಚಿಕೊಂಡ. ನಾನು ಒಳಗೊಳಗೇ ನಕ್ಕೆ.

ಅಲ್ಲಿಂದ ಅದೇ ರೂಢಿಯಾಯಿತು. ಪೆಟ್ರೋಲ್ ಬಂಕಿನಲ್ಲಿ, ಪಂಕ್ಚರ್ ಅಂಗಡಿಯಲ್ಲಿ, ಖಾನಾವಳಿಯಲ್ಲಿ... ಮಕ್ಕಳಿಲ್ಲ. ಎಷ್ಟು ಸಲ ಅಂದಿದ್ದೇನೋ ಲೆಕ್ಕ ಇಟ್ಟಿಲ್ಲ.

ಆ ರಾತ್ರಿ ಪುಷ್ಯ ಮಾಸದ ಚಳಿ. ಇಳಕಲ್ಲಿನ ಒಂದು ಶೆಡ್ಡಿನಲ್ಲಿ ಎರಡು ಮಗ್ಗಗಳ ಜಕಾರ್ಡ್ ಒಟ್ಟಿಗೇ ಕೈಕೊಟ್ಟಿದ್ದವು. ಮುಗಿಸಿ ಎಣ್ಣೆ ಕೈ ತೊಳೆಯುವಷ್ಟರಲ್ಲಿ ಹನ್ನೊಂದಾಗಿತ್ತು. ಇಲ್ಲೇ ಮಲಗಿ ಬೆಳಿಗ್ಗೆ ಹೋಗು, ಮನೆಯಲ್ಲಿ ಸಣ್ಣ ಕೂಸಿದೆ ಎಂದು ಮಾಲೀಕ ಅಂದ. ಆ ಕೂಸಿನ ಮಾತೆತ್ತಿದ್ದಕ್ಕೇ ನನಗೆ ರೇಗಿತು, ಹೊರಟೇಬಿಟ್ಟೆ.

ಗುಡೂರಿನಲ್ಲಿ ಒಂದು ನಾಯಿ ಬೊಗಳಿತು. ಒಂದೇ ಅಂಗಡಿಯ ಮುಂದೆ ಟ್ಯೂಬ್‌ಲೈಟ್ ಮಿಣಮಿಣ ಎನ್ನುತ್ತಿತ್ತು. ಊರು ದಾಟಿದ ಮೇಲೆ ಎರಡೂ ಬದಿ ಆಳೆತ್ತರದ ಬಿಳಿಜೋಳ, ನಡುವೆ ಅಲ್ಲಲ್ಲಿ ಕಡಲೆ ಹೊಲ. ಇಬ್ಬನಿ ಬಿದ್ದ ಕಡಲೆ ಗಿಡದ ಹುಳಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಬೇರೆ ಒಂದು ಗಾಡಿ ಇಲ್ಲ, ಲಾರಿ ಇಲ್ಲ. ನನಗೆ ಖುಷಿಯೋ ಖುಷಿ.

ಆಗ ಸಪ್ಪಳ ಕೇಳಿಸಿತು.

ಮೊದಲು ನನ್ನ ಗಾಡಿಯದೇ ಅಂದುಕೊಂಡೆ. ಅದೇ ದಪ್ಪ ದನಿ, ಅದೇ ಬಡಿತ... ಆದರೆ ನನ್ನದಕ್ಕಿಂತ ಸ್ವಲ್ಪ ಹಿಂದೆ. ನಾನು ವೇಗ ಇಳಿಸಿದೆ, ಅದೂ ಇಳಿಯಿತು. ಏರಿಸಿದೆ, ಅದೂ ಏರಿತು. ಕನ್ನಡಿಯಲ್ಲಿ ನೋಡಿದರೆ ಬೆಳಕಿಲ್ಲ.

ಹೆಡ್‌ಲೈಟ್ ಇಲ್ಲದೆ ಓಡಿಸುವ ಯಾವನೋ ಮುಠ್ಠಾಳ ಎಂದು ಬೈದುಕೊಂಡೆ. ಅಷ್ಟರಲ್ಲಿ ಅವನು ಬಲಗಡೆಗೆ ಬಂದು ನನ್ನ ಸರಿಸಮಕ್ಕೆ ಗಾಡಿ ಹಿಡಿದ. ತಲೆಗೆ ಟವೆಲ್ ಸುತ್ತಿದ್ದ, ಹೆಲ್ಮೆಟ್ ಮೊಣಕೈಗೆ ಸಿಕ್ಕಿಸಿಕೊಂಡಿದ್ದ. ಮೊಣಕೈ ಒಡೆಯಬಾರದು, ತಲೆ ಒಡೆದರೆ ಚಿಂತೆಯಿಲ್ಲ ಎನ್ನುವ ಜಾತಿ. ಮುಖ ಕತ್ತಲಲ್ಲಿತ್ತು.

ಒಂದು ವಾಸನೆ ಬಂತು. ಅಜವಾನ, ಲೋಬಾನ, ಬೆಳ್ಳುಳ್ಳಿ ಸಿಪ್ಪೆ ಸೇರಿಸಿ ಕೆಂಡದ ಮೇಲೆ ಹಾಕಿದ ಹೊಗೆ, ಅದರೊಳಗೆ ಕೂಸಿನ ಎಣ್ಣೆ. ಬಾಣಂತಿ ಕೋಣೆಯ ವಾಸನೆ... ಆ ಬಯಲಿನಲ್ಲಿ, ಆ ಚಳಿಯಲ್ಲಿ. ಹೆಂಡತಿಯ ಬಾಣಂತನದ ಮನೆಯಿಂದ ಎದ್ದು ಕುಡಿಯಲು ಹೊರಟವನಿರಬೇಕು ಎಂದು ತಿಳಿದು ಅವನ ಬಗ್ಗೆ ಇನ್ನಷ್ಟು ಹೇಸಿಗೆಯಾಯಿತು.

ನಮ್ಮ ಕಡೆ ಜೋಡಿ ಗಾಡಿಯಲ್ಲಿ ಮಾತಾಡುತ್ತ ಹೋಗುವುದು ಹೊಸದಲ್ಲ. ಅವನು ಊರು ಕೇಳಿದ, ಹೇಳಿದೆ. ಕೆಲಸ ಕೇಳಿದ, ಅದನ್ನೂ ಹೇಳಿದೆ. ಮುಂದಿನದು ಏನೆಂದು ನನಗೆ ಗೊತ್ತಿತ್ತು.

"ಮಕ್ಕಳೆಷ್ಟ್ರಿ ನಿಮಗ?"

"ಇಲ್ಲ."

"ಒಂದೂ ಇಲ್ಲೇನ್ರಿ?"

"ಒಂದೂ ಇಲ್ಲ."

ಮುಗಿಯಿತು ಅಂದುಕೊಂಡೆ. ಆದರೆ ಅವನು ಇನ್ನೂ ಹತ್ತಿರಕ್ಕೆ ಬಂದ, ಹ್ಯಾಂಡಲ್ಲಿಗೆ ಹ್ಯಾಂಡಲ್ ತಾಗುವಷ್ಟು. ದನಿ ಮೆತ್ತಗಿತ್ತು.

"ಬಾಯ್ತುಂಬ ಹೇಳ್ರಿ. ಆಮ್ಯಾಲೆ ಅದಾವು ಅಂದ್ರ ನಡ್ಯಂಗಿಲ್ಲ."

ನನಗೆ ಸಿಟ್ಟು ಬಂತು. ಕುಡಿದವನ ಜೊತೆ ಎಂಥ ಮಾತು, ಬೇಗ ತೊಲಗಲಿ ಎಂದು ಒಂದೊಂದೇ ಶಬ್ದ ಬಿಡಿಸಿ ಹೇಳಿದೆ.

"ನನಗ ಮಗನೂ ಇಲ್ಲ, ಮಗಳೂ ಇಲ್ಲ. ಆತಿಲ್ಲೋ?"

"ಆತ್ರಿ," ಎಂದ. "ಇಲ್ಲೀತನಕ ನನಗೂ ಇರಲಿಲ್ಲ."

ಅಷ್ಟೇ. ಅವನ ಗಾಡಿ ಮುಂದಕ್ಕೆ ಹೋಯಿತು. ನನ್ನ ಹೆಡ್‌ಲೈಟಿನ ಬೆಳಕಿಗೆ ಬರಬೇಕಿತ್ತು, ಬರಲಿಲ್ಲ. ಸಪ್ಪಳ ದೂರವಾಗುತ್ತ ಹೋಗಬೇಕಿತ್ತು, ಹಾಗಾಗಲಿಲ್ಲ. ಯಾರೋ ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಂತಿತು. ಮುಂದೆ ನೆಟ್ಟಗಿನ ರಸ್ತೆ, ತಿರುವಿಲ್ಲ, ಹೊಲದ ದಾರಿ ಕೂಡ ಇಲ್ಲ. ಜೋಳದ ಗರಿಗಳು ಸರಸರ ಎನ್ನುತ್ತಿದ್ದವು. ಗಾಳಿ ಇರಲಿಲ್ಲ.

ನಾನು ಹೆದರಲಿಲ್ಲ, ಸುಳ್ಳು ಹೇಳುವುದಿಲ್ಲ. ಗಾಡಿಯನ್ನು ಹೊಲಕ್ಕೆ ಇಳಿಸಿಕೊಂಡು ಬಿದ್ದಿರಬೇಕು ಕುಡುಕ, ಬೆಳಿಗ್ಗೆ ಯಾರಾದರೂ ಎತ್ತುತ್ತಾರೆ ಎಂದುಕೊಂಡು ಹೊರಟೆ. ಐದಾರು ಕಿಲೋಮೀಟರ್ ಹೋದ ಮೇಲೆ ಒಂದು ವಿಚಾರ ಹೊಳೆಯಿತು. ಎರಡು ಗಾಡಿಗಳ ಆ ಗುಡುಗಿನಲ್ಲಿ, ಕಿವಿ ಮುಚ್ಚಿದ ಹೆಲ್ಮೆಟ್ಟಿನೊಳಗೆ, ಅವನ ಮೆತ್ತಗಿನ ಮಾತು ನನಗೆ ಹೇಗೆ ಕೇಳಿಸಿತು? ನನ್ನ ಬಾಯಿಂದ ಬಂದ ಇಲ್ಲ ಎಂಬ ಮಾತು ಅವನಿಗೆ ಹೇಗೆ ಕೇಳಿಸಿತು?

ಮನೆ ಮುಟ್ಟುವ ತನಕ ಕನ್ನಡಿ ನೋಡಲಿಲ್ಲ.

ಮನೆಯಲ್ಲಿ ಎಲ್ಲ ಸರಿಯಾಗಿತ್ತು. ಕಾಲು ತೊಳೆದು ಒಳಗೆ ಹೋದೆ. ಗಂಗಾ ಮಲಗಿದ್ದಳು, ಕೂಸೂ ಮಲಗಿತ್ತು. ನನ್ನ ಹೆದರಿಕೆಗೆ ನಾನೇ ನಕ್ಕು ಮಲಗಿದೆ.

ಬೆಳಿಗ್ಗೆ ಬನಶ್ರೀಯನ್ನು ಎತ್ತಿಕೊಂಡೆ. ಒಂದು ವರ್ಷ ಎರಡು ತಿಂಗಳ ಕೂಸು, ದಿನಾ ನನ್ನನ್ನು ಕಂಡರೆ ಅಪ್ಪಾ ಎಂದು ಮೀಸೆ ಹಿಡಿದು ಎಳೆಯುತ್ತಿದ್ದಳು. ಆವತ್ತು ಎಳೆಯಲಿಲ್ಲ. ಅಳಲೂ ಇಲ್ಲ. ಪರಿಚಯವಿಲ್ಲದವರು ಎತ್ತಿಕೊಂಡರೆ ಮಕ್ಕಳು ಬಿರುಸಾಗುತ್ತವಲ್ಲ, ಹಾಗೆ ಮೈ ಬಿರುಸು ಮಾಡಿಕೊಂಡು, ತಾಯಿಯ ಕಡೆ ನೋಡುತ್ತ ಕೂತಳು. ಅಪ್ಪಾ ಅನ್ನು, ಎಂದೆ. ಸಿಟ್ಟೇನೂ ಇಲ್ಲದೆ ನನ್ನ ಮುಖ ನೋಡಿದಳು.

"ಕಾಕಾ," ಎಂದಳು.

ಮನೆಯವರೆಲ್ಲ ಬಿದ್ದುಬಿದ್ದು ನಕ್ಕರು. ನಾನೂ ನಕ್ಕೆ. ಓಣಿಯಲ್ಲಿ ಹೋಗುವ ತರಕಾರಿಯವನಿಗೆ, ಹಾಲಿನವನಿಗೆ ಅವಳು ಕರೆಯುವುದು ಹಾಗೆ.

ಮರುದಿನವೂ ಕಾಕಾ. ಅದರ ಮರುದಿನವೂ. ನನಗೆ ರೇಗತೊಡಗಿತು. ಬಲೂನು ತಂದೆ, ಗಿಲಕಿ ತಂದೆ, ಇಸಿದುಕೊಂಡು ತಾಯಿಯ ಹತ್ತಿರ ಓಡಿದಳು. ಬಾಗಲಕೋಟೆಯ ಮಕ್ಕಳ ಡಾಕ್ಟರಿಗೆ ತೋರಿಸಿದರೆ ಆತ ಅವಳ ಗಲ್ಲ ಹಿಂಡಿ, ಕೂಸು ಗಟ್ಟಿಮುಟ್ಟಾಗಿದೆ, ನೀವು ಮನೆಯಲ್ಲಿ ಸ್ವಲ್ಪ ಹೆಚ್ಚು ಇರಿ ಅಂದ. ಹೊರಡುವಾಗ ನನ್ನ ಕೈಯಲ್ಲಿದ್ದ ಹೆಲ್ಮೆಟ್ ನೋಡಿ, ಬೈಕಿನಲ್ಲಿ ಬಂದಿರಾ ಎಂದು ಹುಬ್ಬೇರಿಸಿದ. ಅವನಿಗೂ ಉಪದೇಶದ ಚಟ.

ನಗದೇ ಇದ್ದವಳು ನನ್ನ ಅವ್ವ ಒಬ್ಬಳೇ. ಐದನೆಯ ದಿನ ಸಂಜೆ ನಾನು ಒಬ್ಬನೇ ಇದ್ದಾಗ ಬಂದು ಮುಂದೆ ಕೂತಳು. ಆ ರಾತ್ರಿ ದಾರಿಯಲ್ಲಿ ಯಾರ ಜೊತೆಗಾದರೂ ಮಾತಾಡಿದೆಯಾ ಎಂದು ಕೇಳಿದಳು. ಅವಳ ಮುಂದೆ ನನ್ನ ಸುಳ್ಳು ಯಾವತ್ತೂ ನಡೆದಿಲ್ಲ. ನಗುತ್ತಲೇ ಎಲ್ಲ ಹೇಳಿದೆ. ಅವಳ ಮುಖ ನೋಡಿ ನಗು ತಾನೇ ನಿಂತಿತು.

ನನ್ನ ಅಪ್ಪನ ಹೆಸರು ತಿಪ್ಪಣ್ಣ. ಆ ಹೆಸರು ಯಾಕೆ ಬಂತೆಂದು ನನಗೆ ಅರೆಬರೆ ಗೊತ್ತಿತ್ತು, ಅವ್ವ ಪೂರ್ತಿ ಹೇಳಿದಳು. ಅಪ್ಪನಿಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ಉಳಿಯಲಿಲ್ಲ. ಅಪ್ಪ ಹುಟ್ಟಿದಾಗ ನನ್ನ ಅಜ್ಜಿ ಅವನನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲಿಟ್ಟು, ಈ ಕೂಸು ನಂದಲ್ಲ, ನನಗೆ ಮಕ್ಕಳಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹಿಂತಿರುಗಿ ನೋಡದೆ ಬಂದಳು. ಮೊದಲೇ ಗೊತ್ತುಮಾಡಿದ್ದ ನೆರೆಮನೆಯವಳು ಹಿಂದಿನಿಂದ ಹೋಗಿ, ಸಿಕ್ಕ ಕೂಸು ನಂದು ಎಂದು ಎತ್ತಿಕೊಂಡಳು. ಆಮೇಲೆ ಅಜ್ಜಿ ಅವಳಿಗೆ ಒಂದು ಮೊರ ಜೋಳ ಕೊಟ್ಟು, ಅವಳ ಕೈಯಿಂದಲೇ ಕೂಸನ್ನು ಇಸಿದುಕೊಂಡು ಬಂದಳು. ಸಾವಿಗೆ ಮೋಸ ಮಾಡುವ ಶಾಸ್ತ್ರ. ಅಪ್ಪ ಎಪ್ಪತ್ತು ದಾಟಿ ಬದುಕಿದ.

ಅಜ್ಜಿ ಮಕ್ಕಳಿಲ್ಲ ಅಂದದ್ದು ಎತ್ತಿಕೊಳ್ಳುವವರು ಯಾರು ಎಂದು ಗೊತ್ತುಮಾಡಿಕೊಂಡು, ಎಂದಳು ಅವ್ವ. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದಳು.

"ನೀ ಯಾರಿಗೆ ಅಂದಿ ಅನ್ನೋದ ನಿನಗ ಗೊತ್ತಿಲ್ಲ. ಆಂವ ಬಾಯ್ತುಂಬ ಹೇಳಸ್ಕೊಂಡ ಒಯ್ದಾನ."

ಕೂಸು ಇಲ್ಲೇ ಇದೆಯಲ್ಲ, ಆಡಿಕೊಂಡಿದೆಯಲ್ಲ ಎಂದು ರೇಗಿದೆ. ಕೂಸು ಇದೆ, ನಿನ್ನದಾಗಿ ಎಲ್ಲಿದೆ ಎಂದಳು.

"ಎತ್ತಿಕೊಂಡಾವರ ಕೈಲೇ ತಿರುಗಿ ಇಸ್ಕೋಬೇಕಪ್ಪಾ. ಬ್ಯಾರೆ ಹಾದಿ ಇಲ್ಲ."

ಇಂಥ ಮಾತಿಗೆಲ್ಲ ನಾನು ಜೀವಮಾನವಿಡೀ ನಕ್ಕವನು. ಮಗ್ಗದ ಮೇಲಿನ ಸಾವಿರ ಎಳೆಗಳಲ್ಲಿ ತಪ್ಪಿದ ಒಂದನ್ನು ಬೆರಳಲ್ಲೇ ಹಿಡಿಯುವ ನನಗೆ ತಿಪ್ಪೆಯ ಶಾಸ್ತ್ರ ಹೇಳುತ್ತಾಳೆ ಎಂದು ಎದ್ದು ಹೋದೆ. ಅದೇ ರಾತ್ರಿ ಎಲ್ಲರೂ ಮಲಗಿದ ಮೇಲೆ ಗಾಡಿಯನ್ನು ಓಣಿಯ ತುದಿಯ ತನಕ ತಳ್ಳಿಕೊಂಡು ಹೋಗಿ, ಅಲ್ಲಿ ಚಾಲೂ ಮಾಡಿ, ಗುಡೂರಿನ ದಾರಿ ಹಿಡಿದೆ.

ಯಾರೂ ಸಿಗಲಿಲ್ಲ.

ಮರು ವಾರ ಹೋದೆ. ಅದರ ಮರು ವಾರ ಎರಡು ಸಲ ಹೋದೆ. ಗುಡೂರು ದಾಟಿದ ಮೇಲೆ ವೇಗ ಇಳಿಸಿ, ಕಿವಿಗೊಟ್ಟು, ಆ ನೆಟ್ಟಗಿನ ರಸ್ತೆಯಲ್ಲಿ ಆಚೆ ಈಚೆ ತಿರುಗಾಡಿದೆ. ಜೋಳ ಕೊಯ್ದರು, ಹೊಲ ಬೋಳಾಯಿತು, ಬೇಸಿಗೆ ಬಂತು. ಸಗಣಿ ಹಾಕಿದ ಹೊಲದ ವಾಸನೆ, ದೂರದಲ್ಲಿ ಕುರಿಹಟ್ಟಿಯ ನಾಯಿಗಳು... ಅವನಿಲ್ಲ. ಒಮ್ಮೆ ಒಬ್ಬ ಕುರಿಗಾರ ಟಾರ್ಚ್ ಬಿಟ್ಟು ಏನು ಹುಡುಕುತ್ತೀರಿ ಎಂದು ಕೇಳಿದ. ಏನೆಂದು ಹೇಳಲಿ? ಪರ್ಸು ಎಂದೆ. ಪಾಪ, ಅವನೂ ಅರ್ಧ ತಾಸು ನೆಲ ನೋಡುತ್ತ ನನ್ನ ಜೊತೆ ನಡೆದ.

ಇತ್ತ ಮನೆಯಲ್ಲಿ ಗಂಗಾ ಮಾತು ಬಿಟ್ಟಳು. ಇಳಕಲ್ಲಿನಲ್ಲಿ ಯಾರನ್ನೋ ಇಟ್ಟುಕೊಂಡಿದ್ದೇನೆ ಎಂದು ಅವಳ ಅನುಮಾನ. ಷಡ್ಡಕ ಕಾರು ತೆಗೆದುಕೊಂಡು ಬಂದು, ಹಿರಿಯರ ನಡುವೆ ನನ್ನನ್ನು ಕೂರಿಸಿ, ರಾತ್ರಿ ತಿರುಗುವುದನ್ನು ಬಿಡು ಎಂದು ಒಂದು ತಾಸು ಮಾತಾಡಿದ. ನನ್ನನ್ನು ಬಯ್ಯಲು ಅವನಿಗೊಂದು ಸಭೆ ಸಿಕ್ಕಿತ್ತು, ಬಿಡುತ್ತಾನೆಯೇ? ಅವನ ಮಗ ಬಂದು ಅಪ್ಪಾ ಎಂದು ಅವನ ತೊಡೆ ಏರಿದ. ಆ ದಡ್ಡ ಷಡ್ಡಕನನ್ನು ನೋಡಿ ನಾನು ಹೊಟ್ಟೆಕಿಚ್ಚು ಪಟ್ಟೆ. ಹೌದು, ಅವನನ್ನು ನೋಡಿ.

ನನ್ನ ಮಗಳು ಬೆಳೆಯುತ್ತಿದ್ದಳು. ಅವ್ವ, ಅಜ್ಜಿ, ಮಾಮಾ, ಬೆಕ್ಕು, ಎಲ್ಲರನ್ನೂ ಸರಿಯಾಗಿ ಕರೆಯುತ್ತಿದ್ದಳು. ನನ್ನ ಫೋಟೋ ತೋರಿಸಿ ಇದು ಯಾರು ಎಂದರೂ ಕಾಕಾ. ನಾನು ಎತ್ತಿಕೊಂಡರೆ ಈಗ ಮೈ ಬಿರುಸು ಮಾಡುತ್ತಿರಲಿಲ್ಲ, ದೂರವೂ ತಳ್ಳುತ್ತಿರಲಿಲ್ಲ. ಮನೆಗೆ ಬಂದ ಒಳ್ಳೆಯ ನೆಂಟನ ಜೊತೆ ಇರುವಂತೆ ಇರುತ್ತಿದ್ದಳು. ಅದನ್ನು ತಡೆದುಕೊಳ್ಳುವುದು ನನ್ನಿಂದ ಆಗುತ್ತಿರಲಿಲ್ಲ.

ಕಳೆದ ತಿಂಗಳು ಒಂದು ರಾತ್ರಿ ಮತ್ತೆ ಹೋದೆ. ಅಮಾವಾಸ್ಯೆಯ ಕತ್ತಲು. ಮಳೆ ಬಂದು ನಿಂತಿತ್ತು, ಕರಿ ಮಣ್ಣಿನ ಹಸಿ ವಾಸನೆ. ಆ ಜಾಗದಲ್ಲಿ ಗಾಡಿ ನಿಲ್ಲಿಸಿ, ಬಂದ್ ಮಾಡಿ, ಹೆಲ್ಮೆಟ್ ತೆಗೆದೆ. ಕಪ್ಪೆಗಳು ಒದರುತ್ತಿದ್ದವು. ಸುತ್ತ ಯಾರೂ ಇಲ್ಲ ಎಂದು ಎರಡು ಸಲ ನೋಡಿಕೊಂಡು, ಹೊಲದ ಕಡೆ ಮುಖ ಮಾಡಿ ಹೇಳಿದೆ.

"ನನಗ ಒಬ್ಬಾಕಿ ಮಗಳದಾಳ."

ಕಪ್ಪೆಗಳು ಸುಮ್ಮನಾದವು.

ನಾಚಿಕೆ ಬಿಟ್ಟು ಮತ್ತೂ ಜೋರಾಗಿ ಹೇಳಿದೆ. ಅವಳ ಹೆಸರು ಹೇಳಿದೆ. ನಾನು ಸುಳ್ಳು ಹೇಳಿದ್ದೆ, ತಪ್ಪಾಯಿತು, ಬಂದು ಕೊಟ್ಟು ಹೋಗು ಎಂದೆ. ನಡುರಾತ್ರಿ ಬಯಲಲ್ಲಿ ನಿಂತು ಹೊಲಕ್ಕೆ ಕೈಮುಗಿಯುವ ಒಬ್ಬ ಗಂಡಸನ್ನು ಬೇರೆ ಯಾರಾದರೂ ವರ್ಣಿಸಿದ್ದರೆ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ.

ಆಗ ಫೋನ್ ಬಂತು. ಗಂಗಾ.

ಎರಡು ತಿಂಗಳಿಂದ ನನ್ನ ಜೊತೆ ಸರಿಯಾಗಿ ಮಾತಾಡದವಳ ದನಿಯಲ್ಲಿ ನಗು ಇತ್ತು. ಸಿಟ್ಟೆಲ್ಲ ಇಳಿದವಳಂತೆ, ಮೆತ್ತಗೆ ಮಾತಾಡಿದಳು.

"ಹೊರಗ ಯಾಕ ನಿಂತೀರಿ? ಗಾಡಿ ಬಂದ್ ಮಾಡಿ ಒಳಗ ಬರ್ರಿ. ಕೂಸು ಎದ್ದು ಬಾಗಲಾ ಬಡ್ಯಾಕ ಹತ್ತೇತಿ. ಇವತ್ತ ಅಪ್ಪಾ ಅಂತೈತ್ರಿ ನಿಮಗ."

ಅವಳ ಮಾತಿನ ಹಿಂದೆ ಬನಶ್ರೀಯ ದನಿ ಕೇಳಿಸಿತು. ಅಪ್ಪಾ... ಅಪ್ಪಾ... ನಾನು ಅದನ್ನು ಕೇಳಿ ಎಷ್ಟೋ ತಿಂಗಳಾಗಿತ್ತು. ಅದರ ಹಿಂದೆ, ನಮ್ಮ ಮನೆಯ ಮುಂದೆ, ಚಾಲೂ ಇದ್ದ ಒಂದು ಗಾಡಿ ಗುಡುಗುಡು ಎನ್ನುತ್ತಿತ್ತು.

ನನ್ನ ಗಾಡಿ ನನ್ನ ಪಕ್ಕದಲ್ಲಿ ತಣ್ಣಗೆ ನಿಂತಿತ್ತು. ಮನೆ ಅಲ್ಲಿಂದ ಅರ್ಧ ತಾಸಿನ ದಾರಿ.

ಬಾಗಿಲು ತೆಗೆಯಬೇಡ ಎಂದೆ. ಏನಂದಿರಿ ಎಂದು ಅವಳು ಕೇಳಿದಳು. ತೆಗೆಯಬೇಡ, ಅವ್ವನನ್ನು ಎಬ್ಬಿಸು, ನಾನು ಗುಡೂರಿನ ಹತ್ತಿರ ಇದ್ದೇನೆ ಎಂದು ಮೂರು ಸಲ ಹೇಳಿದೆ. ಆಚೆ ಕಡೆ ಗಂಗಾ ಅವ್ವನನ್ನು ಕೂಗಿದ್ದು ಕೇಳಿಸಿತು.

ಆ ರಾತ್ರಿ ನಾನು ಗಾಡಿ ಓಡಿಸಿದ ರೀತಿಯಲ್ಲಿ ಯಾವ ಅಪ್ಪನೂ ಓಡಿಸಬಾರದು.

ಮನೆಯ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿತ್ತು. ಅವ್ವ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ನನ್ನ ಹೆಸರು, ನನ್ನ ಅಪ್ಪನ ಹೆಸರು, ನನ್ನ ಮಗಳ ಹೆಸರು ಹೇಳಿಸಿಕೊಂಡ ಮೇಲೆಯೇ ತೆಗೆದಳು. ಗಾಡಿ ಬಹಳ ಹೊತ್ತು ನಿಂತಿತ್ತಂತೆ. ಹೊರಗಿನಿಂದ ಯಾರೂ ಕರೆಯಲಿಲ್ಲ, ಬಾಗಿಲು ಬಡಿಯಲಿಲ್ಲ. ಆಮೇಲೆ ಸಪ್ಪಳ ಒಮ್ಮೆಲೇ ನಿಂತಿತಂತೆ. ಬನಶ್ರೀ ಅತ್ತು ಅತ್ತು ಸಾಕಾಗಿ ಗಂಗಾಳ ತೊಡೆಯ ಮೇಲೆ ಮಲಗಿದ್ದಳು, ಕೈ ಮಾತ್ರ ಬಾಗಿಲ ಕಡೆಗಿತ್ತು. ನಾನೇ ಎಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವಳು ಒಂದೇ ಮಾತಾಡಿದಳು.

"ಗಾಡಿ ಮಾರಬ್ಯಾಡ್ರಿ ಈಗ. ಹೋಗ್ರಿ, ಹುಡುಕ್ರಿ."

ಅದಕ್ಕೇ ಇನ್ನೂ ಓಡಿಸುತ್ತಿದ್ದೇನೆ. ಊರವರು, ಷಡ್ಡಕ, ಡಾಕ್ಟರು, ಎಲ್ಲರೂ ಬಯ್ಯುತ್ತಾರೆ, ಮಗಳಿಗಿಂತ ಗಾಡಿಯೇ ಹೆಚ್ಚು ಎನ್ನುತ್ತಾರೆ. ಅನ್ನಲಿ. ನಾನು ತಿರುಗಾಡುವ ರಾತ್ರಿ ಅವ್ವ ಮತ್ತು ಗಂಗಾ ಸರದಿಯ ಮೇಲೆ ಬಾಗಿಲು ಕಾಯುತ್ತಾರೆ.

ನೀವು ನನ್ನನ್ನು ನಂಬದಿದ್ದರೆ ಬೇಡ, ನಾನೂ ನಂಬುತ್ತಿರಲಿಲ್ಲ. ಆದರೆ ಇಳಕಲ್ಲಿನಿಂದ ಈ ಕಡೆ ರಾತ್ರಿ ಬರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಉಪಕಾರ ಮಾಡಿ. ಗುಡೂರು ದಾಟಿದ ಮೇಲೆ ದೀಪವಿಲ್ಲದ ಗಾಡಿಯವನೊಬ್ಬ ನಿಮ್ಮ ಸರಿಸಮಕ್ಕೆ ಬಂದರೆ ಹೆದರಬೇಡಿ, ಬಯ್ಯಬೇಡಿ. ನನ್ನ ಪರವಾಗಿ ಅವನಿಗೆ ಹೇಳಿ, ಗುಳೇದಗುಡ್ಡದ ಜಕಾರ್ಡ್ ರಿಪೇರಿಯವನಿಗೆ ಒಬ್ಬಳು ಮಗಳಿದ್ದಾಳೆ, ಅವನು ಅವಳನ್ನು ಯಾರಿಗೂ ಕೊಟ್ಟಿರಲಿಲ್ಲ ಎಂದು.